ಬೆಣ್ಣೆ ಬಿಟ್ಟವನ ದಾವಣಗೆರೆ

ದಾವಣಗೆರೆಯಲ್ಲಿ ಸಕ್ಕರೆ ಬಿಟ್ಟವರು ಸಿಗುತ್ತಾರೆ, ಉಪ್ಪು ಬಿಟ್ಟವರು ಸಿಗುತ್ತಾರೆ, ಚುನಾವಣೆ ಮುಗಿದ ಹೊಸದರಲ್ಲಿ ರಾಜಕೀಯ ಬಿಟ್ಟವರು ಕೂಡ ಒಬ್ಬಿಬ್ಬರು ಸಿಗುತ್ತಾರೆ. ಬೆಣ್ಣೆ ಬಿಟ್ಟವರು ಮಾತ್ರ ಸಿಗುವುದಿಲ್ಲ. ಬಿಪಿ, ಶುಗರ್ರು, ಕೊಲೆಸ್ಟ್ರಾಲು ಮೂರನ್ನೂ ಮೈಯಲ್ಲಿ ಸಾಕಿಕೊಂಡ ನನ್ನ ಗೆಳೆಯರೇ "ಬೆಣ್ಣೆಗೇನ್ರೀ, ಅದು ದೇಹಕ್ಕೆ ತಂಪು" ಎಂದು ತಮಗೆ ತಾವೇ ವಿನಾಯಿತಿ ಕೊಟ್ಟುಕೊಂಡು, ಭಾನುವಾರ ಬೆಳಿಗ್ಗೆ ದೋಸೆ ಹೋಟೆಲಿನ ಬೆಂಚಿನ ಮೇಲೆ ಹಾಜರಿರುತ್ತಾರೆ. ಅಂಥ ಊರಿನಲ್ಲಿ ನಾನೀಗ ಬೆಣ್ಣೆ ಬಿಟ್ಟಿದ್ದೇನೆ. ವೈರಾಗ್ಯ ಬಂದು ಅಲ್ಲ. ನನ್ನ ಹೃದಯಕ್ಕೂ ನನ್ನ ಪಿತ್ತಕೋಶಕ್ಕೂ ಇನ್ನೂ ತಾರೀಖು ಕೂಡಿ ಬಂದಿಲ್ಲ, ಅಷ್ಟೇ.

ಮೊದಲು ಕೈಕೊಟ್ಟದ್ದು ಹೃದಯ. ಕಟ್ಟಿಕೊಂಡ ರಕ್ತನಾಳದೊಳಗೆ ಔಷಧ ಸವರಿದ ಸ್ಟೆಂಟ್ ಕೂರಿಸಿ, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎಂಬ ಎರಡು ಮಾತ್ರೆಗಳನ್ನು ತಪ್ಪದೆ ನುಂಗಿ ಎಂದು ಹೇಳಿ ಮನೆಗೆ ಕಳಿಸಿದರು. ರಕ್ತ ಹೆಪ್ಪುಗಟ್ಟದಂತೆ ಕಾಯುವ ಮಾತ್ರೆಗಳವು. ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಮತ್ತೆ ಮೊದಲಿನ ಕತೆ. ಆ ಗಾಬರಿ ಇಳಿಯುವಷ್ಟರಲ್ಲಿ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಈ ಕಲ್ಲಿಗೆ ಮಾತ್ರೆ ಸಾಲದು, ಚೀಲವನ್ನೇ ತೆಗೆಯಬೇಕು ಎಂದರು ಹೊಟ್ಟೆಯ ಸರ್ಜನ್ನು. "ಆದ್ರೆ ಕ್ಲೊಪಿಡೊಗ್ರೆಲ್ ನಿಲ್ಲಿಸ್ದೆ ನಾನು ಕತ್ತರಿ ಹಿಡಿಯಲ್ಲ, ರಕ್ತ ನಿಲ್ಲಲ್ಲ. ಹಾರ್ಟಿನ ಡಾಕ್ಟ್ರನ್ನ ಕೇಳ್ಕೊಂಡ್ ಬನ್ನಿ." ಹಾರ್ಟಿನ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಅಟ್ಯಾಕ್ ಆಗಿ ವರ್ಷ ತುಂಬೋ ತನಕ ಆ ಮಾತ್ರೆ ನಿಲ್ಲಿಸಂಗಿಲ್ಲ."

"ಹಂಗಾದ್ರೆ ಕಲ್ಲು, ಸಾರ್?"

"ಕಲ್ಲು ಎಲ್ಲಿಗ್ ಹೋಗ್ತವೆ? ಅಲ್ಲೇ ಇರ್ತವೆ."

ಇಬ್ಬರ ಮಾತೂ ಸರಿ. ಒಬ್ಬರದಾದರೂ ತಪ್ಪಾಗಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ಸಿಕ್ಕಿಕೊಂಡ ಬಗರ್‌ಹುಕುಂ ಜಮೀನಿನ ಗತಿ ನನ್ನ ಹೊಟ್ಟೆಗೆ ಬಂತು.

ಈ ಪಿತ್ತಕೋಶ ಮಾಡುವ ಕೆಲಸವನ್ನು ತಿಳಿದುಕೊಂಡ ಮೇಲೆ ಅದರ ಮೇಲಿನ ಸಿಟ್ಟೂ ಹೋಯಿತು. ಯಕೃತ್ತು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ಅದರಲ್ಲೊಂದು ಪಾಲನ್ನು ಈ ಪುಟ್ಟ ಚೀಲ ಹಿಡಿದಿಟ್ಟು, ನೀರಿನಂಶ ಹೀರಿ ಗಟ್ಟಿ ಮಾಡಿಕೊಂಡು ಕಾದಿರುತ್ತದೆ. ಹಿಡಿಯುವುದು ಸುಮಾರು 50 ಎಂಎಲ್, ಹೋಟೆಲಿನ ಬೈಟು ಕಾಫಿಗಿಂತ ಕಡಿಮೆ. ಜಿಡ್ಡಿನ ಪದಾರ್ಥ ಸಣ್ಣ ಕರುಳಿನ ಬಾಗಿಲಿಗೆ ಬಂತೋ ಇಲ್ಲವೋ, ಕರುಳು ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಸುದ್ದಿ ಮುಟ್ಟಿದ ಚೀಲ ತನ್ನನ್ನು ತಾನೇ ಹಿಂಡಿಕೊಂಡು ಪಿತ್ತರಸ ಸುರಿಸುತ್ತದೆ. ಚೀಲದ ಬಾಯಿಗೆ ಕಲ್ಲು ಅಡ್ಡ ಕೂತಿದ್ದರೆ ಹಿಂಡಿದ್ದೇ ಬಂತು, ಹೊರಗೆ ಬರುವುದು ನೋವೊಂದೇ. ಈ ಹಾರ್ಮೋನನ್ನು ಐವಿ ಮತ್ತು ಓಲ್ಡ್‌ಬರ್ಗ್ ಎಂಬ ಇಬ್ಬರು ಚಿಕಾಗೊದಲ್ಲಿ ಪತ್ತೆ ಹಚ್ಚಿದ್ದು 1928ರಲ್ಲಿ. ನಮ್ಮೂರಿನವರು ಹೇಳಿಕೊಂಡು ಬಂದಿರುವ ಪ್ರಕಾರ, ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬ ತಾಯಿ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬಂದು, ನಾಟಕದ ಥಿಯೇಟರಿನ ಹತ್ತಿರ ದೋಸೆ ಹುಯ್ಯಲು ಕೂತದ್ದೂ ಅದೇ 1928ರಲ್ಲಿ. ಆಗ ರಾಗಿ ಹಿಟ್ಟಿನ ದೋಸೆಯಂತೆ, ಅಕ್ಕಿ ಹಿಟ್ಟಿನದು ಮಕ್ಕಳ ಕಾಲಕ್ಕೆ ಬಂದದ್ದು. ಏನಿದ್ದರೂ, ಪಿತ್ತಕೋಶ ಯಾಕೆ ಹಿಂಡಿಕೊಳ್ಳುತ್ತದೆ ಎಂದು ಚಿಕಾಗೊದವರು ಕಂಡುಕೊಂಡ ವರ್ಷವೇ ದಾವಣಗೆರೆಯವರು ಅದನ್ನು ಹಿಂಡಿಸುವ ವ್ಯವಸ್ಥೆ ಮಾಡಿಕೊಂಡರು. ಇದನ್ನು ಸರ್ಜನ್ನರಿಗೆ ಹೇಳಿದೆ. ಅವರು ನಗಲಿಲ್ಲ. ಅವರ ಮನೆ ಇರುವುದೂ ಒಂದು ದೋಸೆ ಹೋಟೆಲಿನ ಹಿಂದಿನ ರಸ್ತೆಯಲ್ಲಿ.

ನೋವು ಬರುವುದು ಹೆಚ್ಚಾಗಿ ರಾತ್ರಿ. ಉಂಡು ಮಲಗಿ ಒಂದು ನಿದ್ದೆ ಆಗಿರುತ್ತದೆ. ಬಲ ಪಕ್ಕೆಯ ಕೆಳಗೆ ಯಾರೋ ಮುಷ್ಟಿ ಕಟ್ಟುತ್ತಾರೆ, ಬಿಡುವುದಿಲ್ಲ. ಅಲ್ಲಿಂದ ಬೆನ್ನಿಗೆ ಹೋಗಿ, ಬಲಗಡೆ ಹೆಗಲ ಮೂಳೆಯವರೆಗೂ ಹತ್ತುತ್ತದೆ. ಹೊಟ್ಟೆಯ ಚೀಲಕ್ಕೂ ಹೆಗಲಿಗೂ ಏನು ಸಂಬಂಧ ಎಂದರೆ, ಎರಡೂ ಕಡೆಯ ನರಗಳು ಬೆನ್ನುಹುರಿಯನ್ನು ಸೇರುವ ಜಾಗ ಹೆಚ್ಚುಕಡಿಮೆ ಒಂದೇ ಆದ್ದರಿಂದ ಮಿದುಳಿಗೆ ವಿಳಾಸ ತಪ್ಪುತ್ತದಂತೆ. ಕೂತರೂ ಇಲ್ಲ, ನಿಂತರೂ ಇಲ್ಲ, ಬೋರಲು ಬಿದ್ದರೂ ಇಲ್ಲ. ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುವುದು. ಅಂಥ ರಾತ್ರಿಗಳಲ್ಲಿ ನಮ್ಮ ಮನೆಯಾಕೆ ಎದ್ದು ದೀಪ ಹಾಕಿ ಕೇಳುವುದು ಒಂದೇ ಪ್ರಶ್ನೆ:

"ರೀ, ಎಡಕ್ಕಾ, ಬಲಕ್ಕಾ?"

ಎಡಕ್ಕೆ ಎಂದರೆ ಆಟೋ, ಬಲಕ್ಕೆ ಎಂದರೆ ಬಿಸಿನೀರಿನ ಚೀಲ ಎಂಬುದು ಆಕೆಯ ವಿಂಗಡಣೆ. ನಡುವೆ ಎಂದರೆ ಮಾತ್ರ ಆಕೆಯ ಮುಖ ನೋಡಲಾಗುವುದಿಲ್ಲ. ಈ ವಿಂಗಡಣೆಯನ್ನು ಹಾರ್ಟಿನ ಡಾಕ್ಟರು ಒಪ್ಪಲಿಲ್ಲ. ಹೃದಯದ ನೋವು ಹೊಟ್ಟೆಯ ಮೇಲ್ಭಾಗಕ್ಕೂ ಬರಬಹುದು, ಪಿತ್ತಕೋಶದ ನೋವು ಎದೆಯ ನಡುವಿಗೂ ಬರಬಹುದು, ತೀರ್ಮಾನ ಇಸಿಜಿ ಕೊಡಲಿ, ಅಮ್ಮ ಕೊಡೋದು ಬೇಡ ಎಂದರು. ಅಂದಿನಿಂದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನನಗೆ ವಿಚಿತ್ರ ಮರ್ಯಾದೆ. "ಸ್ಟೆಂಟ್ ಹಾಕಿದ್ದಾರೆ" ಎಂದು ಮನೆಯಾಕೆ ಬಾಗಿಲಲ್ಲೇ ಘೋಷಿಸಿದ ಕೂಡಲೇ ಮಂಚ ಖಾಲಿಯಾಗುತ್ತದೆ, ವೈರುಗಳು ಎದೆಗೆ ಅಂಟಿಕೊಳ್ಳುತ್ತವೆ, ನಾಲ್ಕು ಜನ ಸುತ್ತ ನಿಲ್ಲುತ್ತಾರೆ. ಇಸಿಜಿ ಸರಿಯಿದೆ, ಟ್ರೋಪೊನಿನ್ ರಿಪೋರ್ಟೂ ಸರಿಯಿದೆ, ಇದು ಅದೇ ಕಲ್ಲು ಎಂದು ಗೊತ್ತಾಗುತ್ತಲೂ ನಾಲ್ವರೂ ಎತ್ತಲೋ ಕರಗಿ, ಒಬ್ಬ ಹುಡುಗ ಉಳಿದು ನೋವಿನ ಇಂಜೆಕ್ಷನ್ ಚುಚ್ಚಿ, "ಅಜ್ಜಾರೆ, ರಾತ್ರಿ ಏನ್ ತಿಂದ್ರಿ?" ಎಂದು ಪೊಲೀಸ್ ಧ್ವನಿಯಲ್ಲಿ ಕೇಳುತ್ತಾನೆ. ಹೃದಯದ ರೋಗಿಯನ್ನು ಲೋಕ ಕನಿಕರದಿಂದ ನೋಡುತ್ತದೆ, ಪಿತ್ತಕೋಶದ ರೋಗಿಯನ್ನು ಅನುಮಾನದಿಂದ. ಎರಡೂ ಇರುವ ನಾನು ಒಂದೇ ರಾತ್ರಿಯಲ್ಲಿ ಎರಡನ್ನೂ ಉಣ್ಣುತ್ತೇನೆ.

ಇದೆಲ್ಲಕ್ಕೂ ಮುಂಚೆ ಇದಕ್ಕೆ ಗ್ಯಾಸ್ಟ್ರಿಕ್ ಎಂದೇ ಹೆಸರಿತ್ತು. ನಮ್ಮ ಸೀಮೆಯಲ್ಲಿ ಗಂಟಲಿನಿಂದ ಸೊಂಟದವರೆಗಿನ ಯಾವ ನೋವೂ ಗ್ಯಾಸ್ಟ್ರಿಕ್ಕೇ. ಓಮದ ಕಾಳು, ಜೀರಿಗೆ ಕಷಾಯ, ನಿಂಬೆ ಸೋಡಾ, ಮೆಡಿಕಲ್ ಶಾಪಿನ ಹುಡುಗ ಚೀಟಿಯಿಲ್ಲದೆ ಕೊಡುವ ಗುಲಾಬಿ ಮಾತ್ರೆ, ಇಷ್ಟೂ ದಾಟಿದ ಮೇಲೇ ನಮ್ಮಲ್ಲಿ ರೋಗಕ್ಕೆ ಬೇರೆ ಹೆಸರು ಬರುವುದು.

ಬಂದ ಹೆಸರೂ ಜನರ ಬಾಯಲ್ಲಿ ನಿಲ್ಲಲಿಲ್ಲ. ಕಲ್ಲು ಎಂದ ಕೂಡಲೇ ಎಲ್ಲರೂ ಅದನ್ನು ಕಿಡ್ನಿಗೆ ವರ್ಗ ಮಾಡಿದರು. ಬಾಳೆದಿಂಡಿನ ರಸ ಕುಡೀರಿ ಎಂದರು. ಹುರುಳಿ ಕಟ್ಟು ಕುಡೀರಿ ಎಂದರು. ಒಬ್ಬರು ಕಾಡುಬಸಳೆ ಗಿಡವನ್ನು ಕುಂಡದ ಸಮೇತ ತಂದು ವರಾಂಡದಲ್ಲಿ ಇಟ್ಟು ಹೋದರು, ಅದು ಈಗ ಚೆನ್ನಾಗಿ ಹಬ್ಬಿದೆ. ಜೊತೆಯಲ್ಲಿ ನೌಕರಿ ಮಾಡಿದ ಗೆಳೆಯನೊಬ್ಬ ಮನೆಯಾಕೆ ಒಳಗೆ ಹೋಗುವುದನ್ನೇ ಕಾದಿದ್ದು, "ಬೀರು, ಬೀರು" ಎಂದು ಪಿಸುಗುಟ್ಟಿದ. ಮಾರಾಯ, ಕಿಡ್ನಿಯ ಕಲ್ಲು ಮೂತ್ರದ ದಾರಿಯಲ್ಲಿ ಹೋಗುತ್ತದೆ, ಇದಕ್ಕೆ ಆ ದಾರಿಯೇ ಇಲ್ಲ, ಇದು ಹೊರಟರೆ ಪಿತ್ತನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆಯನ್ನೋ ಮೇದೋಜೀರಕ ಗ್ರಂಥಿಯ ಊತವನ್ನೋ ತರುತ್ತದೆ, ಆದ್ದರಿಂದ ಇದು ಕೂತಲ್ಲೇ ಕೂತಿರಲಿ ಎಂದು ಹರಸಬೇಕು ಎಂದು ವಿವರಿಸಿದೆ. ಎಲ್ಲಾ ಕೇಳಿಕೊಂಡು, "ಆದ್ರೂ ಒಂದ್ಸಲ ನೋಡ್ಬೋದಿತ್ತು" ಎಂದ. ಅವನ ಕಾಳಜಿ ನನ್ನ ಕಲ್ಲಿನ ಮೇಲಿತ್ತೋ ಬೀರಿನ ಮೇಲಿತ್ತೋ ಎಂಬುದು ಇತ್ಯರ್ಥವಾಗಿಲ್ಲ.

ಅಪಾಯದ ಸಲಹೆ ಬಂದದ್ದು ಮೊಬೈಲಿನಲ್ಲಿ. ಸೇಬಿನ ರಸ, ಆಲಿವ್ ಎಣ್ಣೆ, ನಿಂಬೆರಸ ಲೋಟಗಟ್ಟಲೆ ಕುಡಿದರೆ ಮರುದಿನ ಹಸಿರು ಹಸಿರು ಕಲ್ಲುಗಳು ತಾವಾಗಿ ಬಿದ್ದುಹೋಗುತ್ತವೆ ಎಂಬ ವಿಡಿಯೊ. ಬೀಳುವುದೇನೋ ಹೌದು. ಆದರೆ ಹೀಗೆ ಬಿದ್ದ ಹಸಿರು ಉಂಡೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವೈದ್ಯರು, ಅವು ಪಿತ್ತಕೋಶದ ಕಲ್ಲುಗಳೇ ಅಲ್ಲ, ಕುಡಿದ ಎಣ್ಣೆ ಹೊಟ್ಟೆಯೊಳಗೆ ಸಾಬೂನಾಗಿ ಉಂಡೆಗಟ್ಟಿದ್ದು ಎಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮೇಲಾಗಿ ಅಷ್ಟು ಎಣ್ಣೆ ಒಮ್ಮೆಗೇ ಒಳಗೆ ಹೋದರೆ ಕೊಲೆಸಿಸ್ಟೊಕೈನಿನ್ ಸುಮ್ಮನಿರುತ್ತದೆಯೇ? ಈ ವಿಡಿಯೊ ಕಳಿಸಿದ ಭಾವಮೈದುನನಿಗೆ ಒಂದು ನಮಸ್ಕಾರದ ಚಿಹ್ನೆ ಕಳಿಸಿ ಸುಮ್ಮನಾದೆ.

ನನ್ನ ಕಲ್ಲುಗಳನ್ನು ನಾನು ನೋಡಿಲ್ಲ, ಅವುಗಳ ನೆರಳನ್ನು ನೋಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುತ್ತಾರೆ ಸ್ಕ್ಯಾನಿಂಗಿನವರು. ಏನಾದರೂ ತಿಂದರೆ ಚೀಲ ಹಿಂಡಿಕೊಂಡು ಸಣ್ಣದಾಗಿ ಕಲ್ಲು ಕಾಣುವುದಿಲ್ಲ. ಪರದೆಯ ಮೇಲೆ ಕಪ್ಪನೆಯ ಕೆರೆ, ಅದರ ತಳದಲ್ಲಿ ಬೆಳ್ಳಗೆ ಮಿನುಗುವ ಅಂಚು, ಅಂಚಿನ ಹಿಂದೆ ಉದ್ದನೆಯ ಕರಿ ನೆರಳು. ಧ್ವನಿಯ ಅಲೆ ಕಲ್ಲನ್ನು ದಾಟಲಾರದೆ ಬಿಟ್ಟ ನೆರಳು ಅದು. "ದೊಡ್ಡದು 9 ಎಂಎಂ. ಉಳಿದವು ಸುಮಾರಿವೆ, ಎಣಿಸಲ್ಲ" ಎಂದರು ಡಾಕ್ಟರು. ಪ್ರಾಚೀನತೆಯ ದೃಷ್ಟಿಯಿಂದ ನೋಡಿದರೆ ಇದು ಘನತೆವೆತ್ತ ರೋಗ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕಿದನಲ್ಲ, 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯ, ಅವನ ಹೊಟ್ಟೆಯಲ್ಲೂ ಪಿತ್ತಕೋಶದ ಕಲ್ಲುಗಳಿದ್ದವು. ಅವನ ಕೊನೆಯ ಊಟ ಕಾಡುಮೇಕೆಯ ಕೊಬ್ಬು ಮಾಂಸ. ಅವನು ಸತ್ತದ್ದು ಬೆನ್ನಿಗೆ ಬಾಣ ಬಿದ್ದು, ಕಲ್ಲಿನಿಂದಲ್ಲ ಎಂಬುದು ನನಗೆ ಸಮಾಧಾನದ ವಿಷಯ. ಇನ್ನು ದನದ ಪಿತ್ತಕೋಶದಲ್ಲಿ ಕಲ್ಲಾದರೆ ಅದು ಗೋರೋಚನ. ಅದನ್ನು ತೇಯ್ದು ತಿಲಕವಿಡುತ್ತಾರೆ, ಔಷಧಕ್ಕೆ ಹಾಕುತ್ತಾರೆ, ಹೊರದೇಶದ ಪೇಟೆಯಲ್ಲಿ ಚಿನ್ನವನ್ನೂ ಮೀರಿದ ಬೆಲೆಗೆ ಮಾರುತ್ತಾರೆ. ಮನುಷ್ಯನ ಹೊಟ್ಟೆಯಲ್ಲಾದರೆ ತೆಗೆಸುವುದಕ್ಕೆ ನಾವೇ ದುಡ್ಡು ಕೊಡಬೇಕು.

ಊಟದ ಪಟ್ಟಿ ಕೊಟ್ಟ ಹುಡುಗಿಗೆ ಇನ್ನೂ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಜೋಳದ ರೊಟ್ಟಿ, ಮುದ್ದೆ, ಸೊಪ್ಪಿನ ಸಾರು, ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ತಿನ್ನಬಹುದು. ಕರಿದದ್ದು ಬೇಡ, ತುಪ್ಪ, ಬೆಣ್ಣೆ, ಕೆನೆ ಬೇಡ, ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ಬೇಡ. ಹಾಗೆಂದು ಜಿಡ್ಡನ್ನು ಪೂರ್ತಿ ಬಿಟ್ಟು ಉಪವಾಸ ಕೂತರೂ ಆಗದು, ಚೀಲ ಹಿಂಡಿಕೊಳ್ಳುವ ಕೆಲಸವಿಲ್ಲದೆ ಪಿತ್ತ ನಿಂತಲ್ಲೇ ನಿಂತು ಇನ್ನಷ್ಟು ಕಲ್ಲಾಗುತ್ತದೆ, ಗಡಿಬಿಡಿಯಲ್ಲಿ ತೂಕ ಇಳಿಸಿದರೂ ಅದೇ ಪಾಡು ಎಂದಳು. ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ, ಅಂಕಲ್, ಎಂದಳು. ಆ ಒಂದು ಚಮಚವನ್ನು ಮನೆಯಾಕೆ ಅಳೆಯುವುದನ್ನು ನೋಡಿದರೆ ಹಳೆಯ ಕಾಲದ ಅಕ್ಕಸಾಲಿಗರೂ ನಾಚಿಯಾರು. ಜೋಳದ ರೊಟ್ಟಿಯ ಬಗ್ಗೆ ನನಗೆ ದೂರಿಲ್ಲ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಮುದ್ದೆ ಇಟ್ಟುಕೊಂಡು, ಅದು ಕರಗಿ ಅಂಚಿಗೆ ಹರಿಯುವುದರೊಳಗೆ ತಿನ್ನಬೇಕು ಎಂಬ ಅವಸರವೊಂದು ಇರುತ್ತಿತ್ತಲ್ಲ, ಅದು ಹೋಯಿತು. ಈಗ ಎಷ್ಟು ನಿಧಾನ ತಿಂದರೂ ನಡೆಯುತ್ತದೆ.

ಭಾನುವಾರದ ಹೋಟೆಲನ್ನು ಮಾತ್ರ ಬಿಡಲಿಲ್ಲ. ಬೆಣ್ಣೆ ಇಲ್ಲದ ದೋಸೆ ಕೊಡಪ್ಪ ಎಂದು ಕೇಳಿ ನೋಡಿದೆ. "ಹಂಗಾರೆ ಖಾಲಿ ತಗೋರಿ" ಎಂದ ಮಾಣಿ. ತಂದು ಇಟ್ಟಾಗ ನೋಡಿದರೆ ಅದರ ತಲೆಯ ಮೇಲೂ ಬೆಣ್ಣೆ. ನಮ್ಮೂರಿನಲ್ಲಿ ಖಾಲಿಯೂ ಬೆಣ್ಣೆ ಖಾಲಿಯೇ. ಕಾವಲಿಯ ಮುಂದೆ ನಿಂತವನನ್ನೇ ಕೇಳೋಣವೆಂದು ಹೋದೆ. ಅವನು ಸೌದೆ ಉರಿ ತಗ್ಗಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸಿಟ್ಟಿಲ್ಲದೆ ಹೇಳಿದ: "ಸಾರ್, ಈ ಹಂಚಿನ ಮ್ಯಾಲೆ ಬೆಣ್ಣೆ ಇಲ್ದೆ ದೋಸೆ ಏಳಂಗಿಲ್ಲ." ಅಂದಿನಿಂದ ನಾನು ಹೋಗುವುದು ಕೂರುವುದಕ್ಕೆ. ಗೆಳೆಯರು ತಿನ್ನುತ್ತಾರೆ, ನಾನು ಹಾಲು ಕಡಿಮೆ ಹಾಕಿದ ಚಹಾ ಕುಡಿಯುತ್ತೇನೆ. ಮೊದಲ ವಾರಗಳಲ್ಲಿ ಅವರು ತಟ್ಟೆಯನ್ನು ನನ್ನಿಂದ ಸ್ವಲ್ಪ ಆಚೆಗೆ ತಿರುಗಿಸಿಕೊಂಡು, ತಲೆ ತಗ್ಗಿಸಿ, ಸರಸರನೆ ತಿಂದು ಮುಗಿಸುತ್ತಿದ್ದರು. ಅದೊಂದು ಬೇಡವಾಗಿತ್ತು. ಈಗ ಅಭ್ಯಾಸವಾಗಿ, ಪಲ್ಯದಲ್ಲಿ ಇವತ್ತು ಉಪ್ಪು ಮುಂದಾಗಿದೆ ಎಂದು ನನಗೇ ವರದಿ ಒಪ್ಪಿಸುತ್ತಾರೆ. ಉಳಿದ ಲೋಕದ ಬಗ್ಗೆ ನಾವು ಹಿಂದಿನಷ್ಟೇ ಜಗಳವಾಡುತ್ತೇವೆ. ಬೆಣ್ಣೆ ಹೋದದ್ದಕ್ಕಿಂತ ಆ ಬೆಂಚು ಹೋಗಿದ್ದರೆ ನಾನು ಹೆಚ್ಚು ಕಂಗಾಲಾಗುತ್ತಿದ್ದೆ.

ಹೋಟೆಲಿನವನಿಗಾದರೂ ಇಲ್ಲ ಎಂದು ಹೇಳಬಹುದು. ಪಂಕ್ತಿಯಲ್ಲಿ ಹೇಳುವುದು ಹೇಗೆ? ನಮ್ಮ ಕಡೆ ಅಕ್ಕರೆಯನ್ನು ಬಾಯಲ್ಲಿ ಹೇಳುವ ರೂಢಿಯಿಲ್ಲ, ತುಪ್ಪದ ಗಿಂಡಿಯಲ್ಲಿ ಹೊತ್ತು ತರುತ್ತಾರೆ. ಮದುವೆಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಸುರಿಯುವವನು ಸಾಮಾನ್ಯ ಬಡಿಸುವವನಲ್ಲ, ಹುಡುಗಿಯ ಸೋದರಮಾವನೋ ಚಿಕ್ಕಪ್ಪನೋ ಆಗಿರುತ್ತಾನೆ. ಅವನು ಬಾಗಿದಾಗ ಎಲೆಗೆ ಕೈ ಅಡ್ಡ ಹಿಡಿದರೆ ಅದು ತುಪ್ಪಕ್ಕೆ ಹಿಡಿದ ಕೈಯಲ್ಲ, ಸಂಬಂಧಕ್ಕೆ ಹಿಡಿದ ಕೈ. "ಒಂದೇ ಒಂದು ಚಮಚ, ನಮ್ಮ ಸಲುವಾಗಿ." ಈ ಒಂದು ಚಮಚದ ಮುಂದೆ ಆಸ್ಪತ್ರೆಯ ಫೈಲು ಬಿಚ್ಚಿ ತೋರಿಸಲಾಗುತ್ತದೆಯೇ?

ಯುಗಾದಿಗೆ ಹರಿಹರದ ಆಚೆ, ಹೊಳೆದಂಡೆಯ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಆಕೆ ನನಗಿಂತ ಬಹಳ ದೊಡ್ಡವಳು, ಅವ್ವ ಹೋದ ಮೇಲೆ ನನಗೆ ಬಡಿಸಿದವಳು. ಕಣ್ಣು ಮಂಜಾಗಿದೆ. ಎಮ್ಮೆ ಇನ್ನೂ ಇದೆ. ಈಗ ಆಕೆ ತುಪ್ಪ ಬಡಿಸುವುದು ಅಂದಾಜಿನಲ್ಲಿ. ನಾನು ಮೊದಲೇ ಹೇಳಿದ್ದೆ, ಸೊಸೆಯೂ ನೆನಪಿಸಿದ್ದಳು. ಅಕ್ಕ ಎಲ್ಲಕ್ಕೂ ಹ್ಞೂಂ ಎಂದು, ಎಲೆ ಹಾಕಿದ ಮೇಲೆ ಗಿಂಡಿ ಹಿಡಿದೇ ಬಂದಳು. ನಾನು ಹೋಳಿಗೆಯ ಮೇಲೆ ಅಂಗೈ ಹರಡಿದೆ. ಆಕೆಗೆ ಕಾಣಲಿಲ್ಲ. ಬಿಸಿ ತುಪ್ಪ ಅಂಗೈ ಮೇಲೆ ಬಿತ್ತು. "ಹಾ" ಎಂದೆ.

"ಯಾಕೋ ತಮ್ಮಾ, ಕೈ ಯಾಕ್ ಇಟ್ಟೀದಿ?"

"ಅಕ್ಕಾ, ಡಾಕ್ಟ್ರು ಬ್ಯಾಡ ಅಂದಾರ."

"ಡಾಕ್ಟ್ರು ನಿನ್ನ ಎತ್ತಿ ಆಡ್ಸಿದ್ರೇನು?"

ಹೀಗೆ ಕೇಳಿದರೂ, ಸೆರಗಿನಿಂದ ಅಂಗೈ ಒರೆಸಿ, ಸುಟ್ಟಿತೇ ಎಂದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಊಟ ಮುಗಿಯುವ ತನಕ ಎದುರಿಗೇ ಕೂತಿದ್ದಳು, ಮತ್ತೆ ಒತ್ತಾಯ ಮಾಡಲಿಲ್ಲ. ಹೋಳಿಗೆಗೆ ಕೆನೆ ತೆಗೆದ ಹಾಲು ತರಿಸಿದಳು, ಜೀವಮಾನದಲ್ಲಿ ಆ ಮನೆಯಲ್ಲಿ ಹಾಲಿನ ಕೆನೆ ತೆಗೆದು ಬಡಿಸಿದ್ದು ಅದೇ ಮೊದಲಿರಬೇಕು. ಆಮೇಲೆ ಬೀದಿಯ ತುಂಬ, ನನ್ನ ತಮ್ಮಗ ತುಪ್ಪ ತಿನ್ನೋ ಯೋಗ ಇಲ್ಲ ಎಂದು ಸಾರಿದ್ದೂ ಆಕೆಯೇ. ಹೊರಡುವಾಗ ಬಾಗಿಲ ತನಕ ಬಂದು, "ಆಪ್ರೇಷನ್ ಆದ ಮ್ಯಾಲೆ ತಿನ್ನಬೌದಂತಲ್ಲ? ತೆಗೆದಿಡ್ತೀನಿ" ಎಂದಳು. ಆಗಿನಿಂದ ತಿಂಗಳಿಗೊಂದು ಡಬ್ಬಿ ಕಾಸಿಟ್ಟಿದ್ದಾಳಂತೆ. ಚೆನ್ನಾಗಿ ಕಾಸಿದ ತುಪ್ಪ ಕೆಡುವುದಿಲ್ಲ ನಿಜ. ಎಪ್ಪತ್ತೆಂಟರ ಅಕ್ಕನೂ ಸ್ಟೆಂಟಿನ ತಮ್ಮನೂ ತುಪ್ಪದ ಭರವಸೆಯಲ್ಲೇ ವ್ಯವಹಾರ ಮುಂದಕ್ಕೆ ಹಾಕುತ್ತಿದ್ದೇವೆ.

ಕಾಯುವ ವಿದ್ಯೆಯಲ್ಲಿ ನಾನು ತೀರಾ ಅನನುಭವಿಯಲ್ಲ. ನೌಕರಿಯ ಕಾಲವನ್ನೆಲ್ಲ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಕಳೆದವನು, ಅಂದರೆ ಬೇರೆಯವರನ್ನು ಕಾಯಿಸಿ ಸಂಬಳ ಪಡೆದವನು. ಕಿಟಕಿಯ ಹತ್ತಿರ ಬಂದು "ಹರಪನಹಳ್ಳಿ ಗಾಡಿ ಎಷ್ಟೊತ್ತಿಗೆ?" ಎಂದು ಕೇಳುವವರನ್ನು ನೋಡಿದ ಕೂಡಲೇ ವಿಂಗಡಿಸುತ್ತಿದ್ದೆ. ಕೇಳಿ ಹೋಗಿ ಕೂರುವವರು, ಕೇಳಿ ಅಲ್ಲೇ ನಿಲ್ಲುವವರು, ಕೇಳಿದ ಮೇಲೆ ಬೇರೆಯವರನ್ನೂ ಕೇಳಿ ಬಂದು ಉತ್ತರ ತಾಳೆ ನೋಡುವವರು. ನಾನು ಈಗ ಮೂರನೆಯ ಬಗೆ. ಹಾರ್ಟಿನವರು ಹೇಳಿದ್ದನ್ನು ಸರ್ಜನ್ನರಿಗೂ, ಸರ್ಜನ್ನರು ಹೇಳಿದ್ದನ್ನು ಹಾರ್ಟಿನವರಿಗೂ ಒಯ್ದು ತಾಳೆ ನೋಡುತ್ತೇನೆ. ಬಸ್ಸಿಗೆ ಕಾಯುವವನಿಗೆ ಒಂದು ಅನುಕೂಲವಿತ್ತು, ಕಾಯುವ ಹೊತ್ತಿನಲ್ಲಿ ಮೆಣಸಿನಕಾಯಿ ಮಂಡಕ್ಕಿ ತಿನ್ನಬಹುದಿತ್ತು.

ಈ ಬಿಡುವಿನಲ್ಲಿ ನನಗಿಂತ ಮುಂಚೆ ಕಾದವರ ಚರಿತ್ರೆ ಓದಿದೆ. ಪಿತ್ತಕೋಶವನ್ನು ಮೊದಲ ಬಾರಿಗೆ ಕಿತ್ತು ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರ ಜುಲೈ 15ರಂದು. ರೋಗಿ 43 ವರ್ಷದವನು, ಅದಕ್ಕೆ ಮುಂಚೆ 16 ವರ್ಷ ನೋವು ತಿಂದಿದ್ದವನು. ಮರುದಿನ ಜ್ವರವಿಲ್ಲ, ನೋವಿಲ್ಲ, ಹಾಸಿಗೆಯಲ್ಲಿ ಕೂತು ಚುಟ್ಟಾ ಸೇದುತ್ತಿದ್ದನಂತೆ. ಹದಿನಾರು ವರ್ಷದ ಎದುರು ನನ್ನದೊಂದು ವರ್ಷ ಯಾವ ಲೆಕ್ಕ ಎಂದು ಮನೆಯಾಕೆಗೆ ಓದಿ ಹೇಳಿದೆ. "ಚುಟ್ಟಾ ವಿಷ್ಯ ಬಿಟ್ಟು ಮುಂದೆ ಓದ್ರಿ" ಎಂದಳು. ಹೊಟ್ಟೆ ಉದ್ದಕ್ಕೆ ಸೀಳದೆ, ಸಣ್ಣ ರಂಧ್ರದಲ್ಲಿ ದುರ್ಬೀನು ತೂರಿಸಿ ಇದನ್ನು ಮೊದಲು ಮಾಡಿದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ಅಲ್ಲಿನ ಶಸ್ತ್ರವೈದ್ಯರ ಸಂಘ ಮೊದಲು ಮೂಗು ಮುರಿದು, 1992ರಲ್ಲಿ ಅದೇ ಮನುಷ್ಯನಿಗೆ ಪ್ರಶಸ್ತಿ ಕೊಟ್ಟಿತು. ನಮ್ಮ ದೇಶದಲ್ಲಿ ಅದನ್ನು ಮೊದಲು ಮಾಡಿದವರು ಮುಂಬೈಯ ಜೆಜೆ ಆಸ್ಪತ್ರೆಯಲ್ಲಿ ಟೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ. ಅದಕ್ಕೆ ಮುಂಚಿನ ಗಾಯ ಹೇಗಿರುತ್ತಿತ್ತು ಎಂಬುದಕ್ಕೆ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಪತ್ರಕರ್ತರ ಮುಂದೆ ಅಂಗಿ ಎತ್ತಿ ತೋರಿಸಿದ ಹೊಟ್ಟೆಯ ಫೋಟೊ ಇದೆ. ಪ್ರಸಿದ್ಧ ಚಿತ್ರಕಾರ ಆ್ಯಂಡಿ ವಾರ್ಹಾಲ್ ಕತೆಯನ್ನು ಮಾತ್ರ ಮನೆಯಾಕೆಗೆ ಓದಿ ಹೇಳಲಿಲ್ಲ. ಆಸ್ಪತ್ರೆ ಎಂದರೆ ಹೆದರುತ್ತಿದ್ದ ಮನುಷ್ಯ ವರ್ಷಗಟ್ಟಲೆ ಇದನ್ನು ಮುಂದೂಡಿ, ಚೀಲ ಕೊಳೆತ ಮೇಲೆ 1987ರ ಫೆಬ್ರವರಿಯಲ್ಲಿ ಆಪರೇಷನ್ ಮಾಡಿಸಿಕೊಂಡು, ಮರುದಿನವೇ ತೀರಿಹೋದ. ಡಾಕ್ಟರು ಹೇಳಿ ಕಾಯುವುದು ಬೇರೆ, ನಾವೇ ಹೆದರಿ ಕಾಯುವುದು ಬೇರೆ.

ಚೀಲ ತೆಗೆದ ಮೇಲೆ ಹೇಗೆ ಬದುಕುವುದು ಎಂಬುದು ನನ್ನ ಮುಂದಿನ ಚಿಂತೆಯಾಗಿತ್ತು. ಸರ್ಜನ್ನರು ನಕ್ಕರು. ಯಕೃತ್ತಿನಿಂದ ಪಿತ್ತರಸ ನೇರವಾಗಿ ಕರುಳಿಗೆ ಹನಿಯುತ್ತಿರುತ್ತದೆ, ಕೆಲವರಿಗೆ ಸ್ವಲ್ಪ ದಿನ ಭೇದಿಯಾಗುತ್ತದೆ, ಬಹಳ ಜನಕ್ಕೆ ಏನೂ ಆಗುವುದಿಲ್ಲ ಎಂದರು. "ಕುದುರೆಗೆ ಗಾಲ್ ಬ್ಲಾಡರ್ ಇಲ್ಲ ಗೊತ್ತಾ? ಆನೆಗೂ ಇಲ್ಲ." ಇದು ನನಗೆ ಹಿಡಿಸಿತು. ಮೈಸೂರು ದಸರೆಯಲ್ಲಿ 750 ಕೆಜಿ ಅಂಬಾರಿ ಹೊತ್ತು ನಡೆಯುವ ಆನೆಗೇ ಬೇಡವಾದ ಅಂಗ ನಿವೃತ್ತ ಕಂಟ್ರೋಲರನಿಗೆ ಯಾಕೆ? ಆದರೆ ಆನೆ ಬೆಣ್ಣೆ ದೋಸೆ ತಿನ್ನುವುದಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ವರ್ಷ ತುಂಬಲು ಇನ್ನು ಹೆಚ್ಚು ದಿನವಿಲ್ಲ. ಹಾರ್ಟಿನವರು ಎಕೋ ಮಾಡಿಸಿ ನೋಡುತ್ತೇನೆ ಎಂದಿದ್ದಾರೆ, ಸರ್ಜನ್ನರು ಅವರ ಸಹಿ ತಂದರೆ ತಾರೀಖು ಕೊಡುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಸರ್ಜನ್ನರು ಬರೆದುಕೊಟ್ಟ ಚೀಟಿಯೊಂದು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ನನ್ನಂತೆ ಸರದಿಯಲ್ಲಿ ಕಾದಿರುವವರು ಅದನ್ನು ತಮ್ಮ ಮನೆಗೂ ಬರೆದುಕೊಳ್ಳಬಹುದು: ನೋವು ನಾಲ್ಕೈದು ತಾಸಾದರೂ ಇಳಿಯದಿದ್ದರೆ, ಚಳಿ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಿ. ಎದೆ ನೋವಾದರೆ ಅಷ್ಟು ತಾಸೂ ಕಾಯಬೇಡಿ, ಕೂಡಲೇ ಹೊರಡಿ. ಸ್ಟೆಂಟ್ ಇದ್ದವರು ಯಾರ ಮಾತು ಕೇಳಿಯೂ ಮಾತ್ರೆ ನಿಲ್ಲಿಸಬೇಡಿ, ಹಾರ್ಟಿನ ಡಾಕ್ಟರು ಹೇಳಲಿ. ಇನ್ನು ಮದುವೆಮನೆಗಳಲ್ಲಿ ಬಡಿಸುವವರಲ್ಲಿ ನನ್ನದೊಂದು ಕೋರಿಕೆ. ಎಲೆಗೆ ಕೈ ಅಡ್ಡ ಹಿಡಿದವನನ್ನು ಕಂಡರೆ ಗಿಂಡಿ ಎತ್ತಿಕೊಂಡು ಮುಂದಕ್ಕೆ ಹೋಗಿಬಿಡಿ, ಬೇಸರ ಮಾಡಿಕೊಳ್ಳಬೇಡಿ. ಅನ್ನ ಸಾರನ್ನು ಎಷ್ಟು ಸಲ ಬೇಕಾದರೂ ಕೇಳಿ, ಬೇಡ ಅನ್ನುವುದಿಲ್ಲ.